ಅಜ್ಜಿ ಆರಿಸುತ್ತಿದ್ದ ಲಾಟೀನು

ರಾತ್ರಿ ಮೊದಲ ಮಳೆ ಬಿದ್ದಿತ್ತು. ಬೆಳಗ್ಗೆ ವಿಜಯಪುರದ ಬಸ್ಸಿಗೆ ಕಾಯುತ್ತಿದ್ದಾಗ, ಹೊಸ ಹೈಮಾಸ್ಟ್ ದೀಪದ ಕೆಳಗೆ ಕಸ ಗುಡಿಸುವ ಹೆಂಗಸೊಬ್ಬರು ಗೋಣಿಚೀಲಕ್ಕೆ ಏನನ್ನೋ ಬಾಚಿ ತುಂಬುತ್ತಿದ್ದರು. ರಾಗಿ ಹೊಟ್ಟಿರಬೇಕು ಅಂದುಕೊಂಡು ಬಗ್ಗಿ ನೋಡಿದೆ. ಅಷ್ಟೂ ಮಳೆಹುಳು, ರೆಕ್ಕೆ ಬಂದ ಗೆದ್ದಲು!

ಇಂಥದೇ ಮಳೆಯ ಸಂಜೆ ನಮ್ಮಜ್ಜಿ ಹುತ್ತದ ಪಕ್ಕ ಲಾಟೀನಿಟ್ಟು, ಕೆಳಗೆ ನೀರಿನ ಬೋಗುಣಿ ಇಡುತ್ತಿದ್ದಳು. ಬೆಳಕಿಗೆ ಮುತ್ತಿ ಬಿದ್ದ ಹುಳುಗಳನ್ನು ಹುರಿದು ಕಡಲೆಪುರಿಯ ಜೊತೆ ತಿನ್ನುತ್ತಿದ್ದೆವು. ಆದರೆ ಬೋಗುಣಿ ಅರ್ಧ ತುಂಬಿದ್ದೇ ತಡ, ಅಜ್ಜಿ ಬತ್ತಿ ಇಳಿಸಿ ಆರಿಸಿಬಿಡುತ್ತಿದ್ದಳು.

"ಇನ್ನೂ ಬರ್ತಾವೆ ಕಣಜ್ಜಿ!"

"ಸಾಕು, ಸುಮ್ನಿರೇ. ಉಳಿದವು ಹೋಗಿ ಗೂಡು ಕಟ್ಕೊಳ್ಲಿ."

"ಈ ಕಂಬದ ದೀಪ ಆರ್ಸೋದು ಯಾರಕ್ಕಾ?" ಎಂದು ಆ ಹೆಂಗಸನ್ನು ಕೇಳಿದೆ.

"ಯಾರೂ ಇಲ್ಲ ಕಣಮ್ಮ. ಸಂಜೆ ಅದೇ ಹತ್ಕೊಳ್ತದೆ, ಬೆಳಕಾದ್ರೆ ಅದೇ ಆರ್ತದೆ" ಎನ್ನುತ್ತಾ ಚೀಲದ ಬಾಯಿ ಕಟ್ಟಿದರು.

ಚೀಲ ಇನ್ನೂ ಮಿಸುಕುತ್ತಿತ್ತು.