ಅಮ್ಮ ಹೇಳಿ ಬರೆಸಿದ ಮಸಣ

ಕುಮಟೆಯ ಹಳೇ ಮಸಣದೊಳಗೆ ಅಮ್ಮ ಒಮ್ಮೆಯೂ ಕಾಲಿಟ್ಟವಳಲ್ಲ. ನಮ್ಮಲ್ಲಿ ಹೆಂಗಸರು ಹೋಗುವುದಿಲ್ಲ. ಆದರೂ ಅದರ ಚರಿತ್ರೆ ಪೂರಾ ಗೊತ್ತಿದ್ದುದು ಅವಳೊಬ್ಬಳಿಗೇ.

ನಾವು ಹುಗಿಯುವವರು. ತಲೆಯ ಕಡೆ ಒಂದು ಕಲ್ಲು ನೆಡುತ್ತೇವೆ, ಹೆಸರು ಕೆತ್ತುವುದಿಲ್ಲ. ಕೇರಿಯ ಗಂಡಸರು ಮಣ್ಣು ಮಾಡಿ ಬರುವಾಗ ಅಮ್ಮ ಅವರ ಕಾಲಿಗೆ ನೀರು ಹೊಯ್ಯಲು ತಂಬಿಗೆ ಹಿಡಿದು ನಿಂತಿರುತ್ತಿದ್ದಳು. "ಯಾರ ಪಕ್ಕ?" ಎಂದು ಕೇಳಿ, ಉತ್ತರ ಬಂದ ಮೇಲೇ ತಂಬಿಗೆ ಬಗ್ಗಿಸುತ್ತಿದ್ದಳು.

ರೈಲು ಬಂದ ಮರುವರ್ಷ ಅಪ್ಪ ತೀರಿಹೋದ. ಅಂದು ನನ್ನನ್ನೂ ಕೇಳಿದಳು. ನಾನು ಅಲ್ಲಿ ತಲೆಯೆತ್ತಿ ಏನನ್ನೂ ನೋಡಿರಲಿಲ್ಲ. "ಅಜ್ಜಿಯ ಪಕ್ಕ" ಅಂದೆ. ಅಂಥ ದಿನ ಮಗನ ಮಾತು ಯಾರು ತೆಗೆದುಹಾಕುತ್ತಾರೆ? ಉಳಿದವರೂ ಹೂಂ ಅಂದರು. ಅಮ್ಮ ನನ್ನ ಮುಖವನ್ನೇ ನೋಡುತ್ತ ನೀರು ಹೊಯ್ದಳು. ಎರಡು ಮಳೆಗಾಲಕ್ಕೆ ಅಪ್ಪನ ಕಲ್ಲು ಹುಲ್ಲಿನಲ್ಲಿ ಮುಚ್ಚಿಹೋಯಿತು.

ಮುಂದೆ ಮಸಣಕ್ಕೆ ಕಂಪೌಂಡು ಕಟ್ಟುವಾಗ ಪುರಸಭೆಯ ಗುಮಾಸ್ತರು ಅಲ್ಲಿರುವವರ ಪಟ್ಟಿ ಕೇಳಿಕೊಂಡು ಬಂದರು. ಹೆಣ ಹೊತ್ತ ಗಂಡಸರೆಲ್ಲ ನಮ್ಮ ಜಗಲಿಯತ್ತ ಕೈ ತೋರಿಸಿದರು. ಅಮ್ಮ ಹಲಸಿನ ಬೀಜ ಸುಲಿಯುತ್ತ ಮೂರು ತಲೆಮಾರು ಬರೆಸಿದಳು. ಗೇರುಮರದಿಂದ ಮೂರನೆಯವಳು ತನ್ನ ಅತ್ತೆ, ಹೊಳನಗದ್ದೆಯಿಂದ ಈ ಮನೆಗೆ ಸೊಸೆಯಾಗಿ ಬಂದವಳು. ಆ ಮೂಲೆಯಲ್ಲಿ, ಬದುಕಿದ್ದಾಗ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು, ಈಗ ಮಗ್ಗುಲಿಗೆ ಮಗ್ಗುಲು.

"ನಿಮ್ಮ ಯಜಮಾನರದ್ದು ಎಲ್ಲಿ?" ಎಂದರು ಗುಮಾಸ್ತರು.

"ಅದು ಬರೀಬೇಡಿ. ಮಗನಿಗೆ ಗೊತ್ತದೆ."

ನಾನು ಬೀಜದ ಸಿಪ್ಪೆ ಗುಡಿಸುತ್ತ ಕೂತೆ.

ಕೊನೆಯ ಕಾಯಿಲೆಯಲ್ಲಿ ಅವಳು ಕೇಳಿದ್ದು ಒಂದೇ, ತನ್ನನ್ನು ಅಪ್ಪನ ಪಕ್ಕ ಇಡಬೇಕು ಎಂದು. ಆತು ಅಂದೆ. ಅವಳು ಹೋದ ಬೆಳಿಗ್ಗೆ ಪುರಸಭೆಗೆ ಓಡಿ ಪಟ್ಟಿ ತೆಗೆಸಿದೆ. ಊರಿನ ಸತ್ತವರೆಲ್ಲ ಇದ್ದರು, ಅಪ್ಪನೊಬ್ಬ ಇರಲಿಲ್ಲ. ಗುಂಡಿ ತೋಡುವವನಿಗೆ ಗೇರುಮರದಿಂದ ಮೂರನೆಯದು, ಅಜ್ಜಿಯ ಕಲ್ಲು, ತೋರಿಸಿದೆ.

"ಎಡಕ್ಕೋ, ಬಲಕ್ಕೋ?" ಎಂದ.

ಎಡಕ್ಕೆ ಬೇರೆಯವರ ಕಲ್ಲಿತ್ತು. ಬಲಕ್ಕೆ ಅಂದೆ. ಅಪ್ಪ ಆ ಗುಂಡಿಯಾಚೆ ಇರಬಹುದು, ಇಲ್ಲದೆಯೂ ಇರಬಹುದು. ಇಪ್ಪತ್ತು ವರ್ಷ ಒಂದೇ ಒಲೆಗೆ ಜಗಳಾಡಿದ ಅತ್ತೆಯ ಪಕ್ಕ ಅಮ್ಮ ಮಲಗಿದ್ದಂತೂ ಖಂಡಿತ.

ಮನೆಗೆ ಬಂದಾಗ ತಂಬಿಗೆ ಹಿಡಿದು ನಿಂತವಳು ನನ್ನ ಹೆಂಡತಿ. ಅವಳು ಏನೂ ಕೇಳದೆ ನೀರು ಹೊಯ್ದಳು. ಕಾಲು ಒದ್ದೆಯಾದ ಮೇಲೆ ನಾನೇ ಹೇಳಿದೆ, "ಅಪ್ಪನ ಪಕ್ಕ."

ಮರುವಾರ ಗುಮಾಸ್ತರು ಅಮ್ಮನ ಹೆಸರು ಸೇರಿಸಿಕೊಳ್ಳಲು ಬಂದರು. ನಾನು ಹೇಳುತ್ತ ಹೋದೆ, ಅವರು ಬರೆದುಕೊಂಡರು. ಅಮ್ಮನ ಜಾಗದ ಜೊತೆ ಅಪ್ಪನದೂ.