ನೆತ್ತಿ ಮುಚ್ಚದ ಕುಲಾವಿ

ಹುಟ್ಟುವ ಮೊದಲು ಮಗುವಿಗೆ ಏನೂ ಹೊಂದಿಸಬಾರದು ಅನ್ನುವುದು ನಮ್ಮ ಕಡೆಯ ರೂಢಿ. ತೊಟ್ಟಿಲು ತರುವಂತಿಲ್ಲ, ಹೊಸ ಬಟ್ಟೆ ಹೊಲಿಸುವಂತಿಲ್ಲ. ಹುಟ್ಟಿದ ಮೇಲೂ ಮೊದಲು ಸುತ್ತುವುದು ಹಳೇ ಸೀರೆಯ ತುಂಡನ್ನೇ. ಮಗಳ ಮೊದಲ ಬಸುರಿನಲ್ಲಿ ನಾನು ಅದನ್ನು ಮೀರಿ, ಏಳು ತಿಂಗಳಿಗೇ ಹಳದಿ ಉಲ್ಲನ್ನಿನ ಕುಲಾವಿ ಹೆಣೆದು ಮುಗಿಸಿದ್ದೆ. ಆ ಮಗು ಹುಟ್ಟಿದಾಗ ಅಳಲೇ ಇಲ್ಲ. ಕುಲಾವಿಗೂ ಅದಕ್ಕೂ ಏನು ಸಂಬಂಧ ಅಂತ ಓದಿದವರು ಕೇಳುತ್ತಾರೆ. ನಾನು ಓದಿದ್ದು ನಾಲ್ಕನೇ ಕ್ಲಾಸು.

ಎರಡನೇ ಸಲ ಅವಳು ಹೆರಿಗೆಗೆಂದು ಕೆಂಗಲ್ ಹತ್ತಿರದ ನಮ್ಮ ಮನೆಗೆ ಬಂದಾಗ ನನ್ನ ಕೈ ಸುಮ್ಮನಿರಲಿಲ್ಲ. ಹಸಿರು ಉಲ್ಲನ್ ತಂದೆ. ಕುಲಾವಿಯನ್ನು ಕೆಳಗಿನ ಅಂಚಿನಿಂದ ಹೆಣೆಯುತ್ತ ಹೋಗಿ, ಕೊನೆಗೆ ಉಳಿದ ಕುಣಿಕೆಗಳೊಳಗೆ ದಾರ ಹಾಯಿಸಿ ಬಿಗಿದರೆ ನೆತ್ತಿ ಮುಚ್ಚುತ್ತದೆ. ನಾನು ಬಿಗಿಯಲಿಲ್ಲ. ಕೆಂಪು ದಾರಕ್ಕೆ ಪೋಣಿಸಿ ಹಾಗೇ ಬಿಟ್ಟೆ. ಮುಗಿಯದೇ ಇದ್ದದ್ದು ಹೊಂದಿಸಿದ ಹಾಗಲ್ಲ ಎಂದು ನಾನೇ ಕಂಡುಕೊಂಡ ಉಪಾಯ. ಯಾರಿಗೂ ಹೇಳಲಿಲ್ಲ. ಅದೇ ತಪ್ಪಾಯಿತು.

ರಾಮನಗರದಲ್ಲಿ ಬಟ್ಟೆ, ದಾರದ ಕಲೆಯ ಪ್ರದರ್ಶನವಿತ್ತು. ನಾನು ಹೆಣೆದದ್ದನ್ನೆಲ್ಲ ಸೊಸೆ ತನ್ನ ಮಹಿಳಾ ಸಂಘದ ಕಡೆಯಿಂದ ಅಲ್ಲಿಗೆ ಕೊಟ್ಟಿದ್ದಳು. ಬೆಳಿಗ್ಗೆ ನಾನು, ಸೊಸೆ, ಮಗಳು ಮೂವರೂ ನೋಡಲು ಹೋದೆವು. ಮಗಳಿಗೆ ಎಂಟು ತಿಂಗಳು ತುಂಬಿತ್ತು.

ಬಾಗಿಲಲ್ಲೇ ದೊಡ್ಡ ತೊಟ್ಟಿಲೊಂದನ್ನು ತೂಗುಬಿಟ್ಟಿದ್ದರು. ಮೈತುಂಬ ರೇಷ್ಮೆಗೂಡು ಅಂಟಿಸಿದ್ದು. ಜನ ಫೋಟೊ ತೆಗೆಯುತ್ತಿದ್ದರು. ಗೂಡಿನೊಳಗಿನ ಹುಳದ ಗತಿ ನಮ್ಮ ಕಡೆಯವರಿಗೆ ಗೊತ್ತು. ಬೇಯಿಸದೆ ನೂಲು ಬರುವುದಿಲ್ಲ. ಖಾಲಿ ತೊಟ್ಟಿಲು ಫ್ಯಾನಿನ ಗಾಳಿಗೆ ತಾನೇ ತೂಗುತ್ತಿತ್ತು. ಕೈಯಿಟ್ಟು ನಿಲ್ಲಿಸಿದೆ.

"ಮುಟ್ಟಬೇಡಿ ಅಜ್ಜಿ," ಅಂದಳು ಅಲ್ಲಿ ನಿಂತಿದ್ದ ಹೆಂಗಸು. ಕೈ ತೆಗೆದೆ. ಅದು ಮತ್ತೆ ತೂಗಿತು.

ಒಳಗೆ ಮೇಜಿನ ಮೇಲೆ ನನ್ನ ಹಸಿರು ಕುಲಾವಿ. ನೆತ್ತಿ ಮುಚ್ಚಿತ್ತು.

"ಇದ್ನ ಯಾರೇ ಮುಚ್ಚಿದ್ದು?"

"ನಾನೇ ಕಣತ್ತೆ," ಅಂದಳು ಸೊಸೆ. "ಮರ್ತ್‌ಬುಟ್ಟವ್ರೆ ಅಂತ ನೆನ್ನೆ ಮಧ್ಯಾನ ದಾರ ಎಳ್ದು ಗಂಟಾಕ್ದೆ. ತೂತು ಟೋಪಿ ಇಟ್ರೆ ಜನ ನಗಾಕಿಲ್ವಾ?"

"ತೂತು ನಿನ್ ತಲೇಲೈತೆ."

ಮಗಳ ಕಡೆ ತಿರುಗಿದೆ. "ಕೂಸು ಕಡೇಗೆ ಒದ್ದಿದ್ದು ಯಾವಾಗೇ?"

"ಥೂ, ಏನವ್ವ, ಇಷ್ಟ್ ಜನದೆದ್ರಿಗೆ," ಎಂದು ನಕ್ಕಳು. ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ನಗು ನಿಂತಿತು. "ನೆನ್ನೆ ಮಧ್ಯಾನ ಉಂಬೋವಾಗ ಒದೀತು. ಆಮ್ಯಾಕೆ ಗ್ಯಾನ ಇಲ್ಲ ಕಣವ್ವ. ಮಲ್ಗೈತೆ ಅಂದ್ಕಂಡಿದ್ದೆ."

ಸೊಸೆ ಅಳಲು ಶುರುಮಾಡಿದಳು.

"ಅಳೋದು ಆಮ್ಯಾಕೆ. ಆಟೋ ಕರಿ, ಹೋಗು."

ಕುಲಾವಿ ಎತ್ತಿಕೊಂಡೆ. ಯಾರೋ ಕೂಗಿದರು, ನಿಲ್ಲಲಿಲ್ಲ. ಆಟೋದಲ್ಲಿ ಗಂಟು ಬಿಚ್ಚಲು ನೋಡಿದೆ. ಪುಣ್ಯಾತ್ಗಿತ್ತಿ ಎರಡೆರಡು ಗಂಟು ಹಾಕಿದ್ದಳು. ಇರುವ ನಾಲ್ಕು ಹಲ್ಲಿನಲ್ಲಿ ಕಚ್ಚಿದೆ. ಮಗಳು ಹೊಟ್ಟೆಯಿಂದ ಕೈ ತೆಗೆಯಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೊಟ್ಟೆಯ ಮೇಲೆ ಮಿಷನ್ನನ್ನು ಅಲ್ಲಿ ಒತ್ತಿದರು, ಇಲ್ಲಿ ಒತ್ತಿದರು. ಬರೀ ಗೊರಗೊರ. ನಾನು ಗಂಟು ಕಚ್ಚುತ್ತಲೇ ಇದ್ದೆ. ಬಹಳ ಹೊತ್ತಿನ ಮೇಲೆ, ಹಲ್ಲಿಗೆ ಗಂಟು ಸಡಿಲಾಗುವಾಗಲೇ, ಎದೆಬಡಿತ ಕೇಳಿಸಿತು, ನಿಧಾನಕ್ಕೆ, ತಪ್ಪಿ ತಪ್ಪಿ. ಕೂಡಲೇ ಆಪರೇಶನ್ ಅಂದರು.

ಹೆಣ್ಣುಮಗು. ಅತ್ತಿತು. ಹಳೇ ಸೀರೆಯಲ್ಲಿ ಸುತ್ತಿದೆವು.

ಈಗ ಮನೆತುಂಬ ಓಡಾಡುತ್ತಾಳೆ. ಉಳಿಸಿದ್ದು ಡಾಕ್ಟರಮ್ಮ ಅನ್ನುತ್ತಾಳೆ ಮಗಳು. ನಿಜ. ನಾನೇನೂ ಇಲ್ಲ ಅನ್ನುವುದಿಲ್ಲ.

ಕುಲಾವಿ ನನ್ನ ಪೆಟ್ಟಿಗೆಯಲ್ಲಿದೆ, ಕುಣಿಕೆಗಳು ಮತ್ತೆ ಕೆಂಪು ದಾರದ ಮೇಲೆ. ಮಗುವಿಗೆ ಒಂದು ಕೆಮ್ಮು ಬಂದರೆ ಸಾಕು, ಪೆಟ್ಟಿಗೆ ತೆಗೆದು ಕುಲಾವಿಯ ನೆತ್ತಿಯೊಳಗೆ ಬೆರಳು ತೂರಿಸಿ ನೋಡುತ್ತೇನೆ. ದಾರವನ್ನು ಇಲಿ ಎಳೆದಿರಬಹುದು, ಸೊಸೆ ಎಳೆದಿರಬಹುದು.