ದೊಡ್ಡವ್ವ ಮಾರಿದ ಗಾಡಿ

ಬೆಳಗಿನ ಪೂಜೆಗೆ ಬತ್ತಿ ಹೊಸೆಯುತ್ತ ಕೂತಿದ್ದೆ, ಕಿಟಕಿಯಾಚೆಯಿಂದ ಪೆಟ್ರೋಲಿನ ವಾಸನೆ ಬಂತು. ಹುಣಸೂರಿನ ನಮ್ಮ ಈ ಬೀದಿಯಲ್ಲಿ ಗಾಡಿಗಳಿಗೇನೂ ಬರವಿಲ್ಲ. ಆದರೆ ಇದು ಓಡುವ ಗಾಡಿಯ ವಾಸನೆಯಲ್ಲ. ತಟ್ಟೆಗೆ ಸುರಿದ ಪೆಟ್ರೋಲಿನಲ್ಲಿ ಹಿತ್ತಾಳೆಯ ಸಣ್ಣ ಸಾಮಾನು ತೊಳೆಯುವಾಗ ಏಳುವ, ಮೊದಲು ಮೂಗಿಗೆ ತಣ್ಣಗೆ ತಾಗಿ ಆಮೇಲೆ ಗಂಟಲಲ್ಲಿ ಸಿಹಿಯಾಗುವ ವಾಸನೆ. ಪಕ್ಕದ ಮನೆಯವರು ಹಳೆಯ ಮೋಟಾರು ಸೈಕಲ್ಲಿನ ಕಾರ್ಬ್ಯುರೇಟರ್ ಬಿಚ್ಚಿಕೊಂಡು ಕೂತಿದ್ದರು. ದೇವರ ಮುಂದೆ ಕೂತು ಪೆಟ್ರೋಲಿನ ಧ್ಯಾನ ಮಾಡುವುದು ತಪ್ಪೋ ಒಪ್ಪೋ ಕಾಣೆ. ಬತ್ತಿ ಕೈಯಲ್ಲೇ ಉಳಿಯಿತು, ನಾನು ಸಾಲಿಗ್ರಾಮದ ನಮ್ಮ ಮನೆಯ ಅಂಗಳದಲ್ಲಿದ್ದೆ. ನಿಮಗೂ ಅಂಥದೊಂದು ಅಂಗಳ ಇದ್ದಿರಬಹುದು, ಈಗ ಇಲ್ಲದಿರಬಹುದು.

ಆ ಮನೆಯಲ್ಲಿ ನಾವು ಐವರು. ಅಪ್ಪ, ಅವ್ವ, ನಾನು, ಅಪ್ಪನ ಅಣ್ಣನಾದ ದೊಡ್ಡಪ್ಪ, ಅವರ ಹೆಂಡತಿ ದೊಡ್ಡವ್ವ. ಅವರಿಗೆ ಮಕ್ಕಳಿರಲಿಲ್ಲ, ಹಾಗಾಗಿ ನನಗೆ ಎರಡು ಮಡಿಲು. ದೊಡ್ಡಪ್ಪ ಮೋಟಾರು ಸೈಕಲ್ಲಿನ ಹಿಂದೆ ಸೀರೆ, ಟವೆಲ್ಲುಗಳ ದೊಡ್ಡ ಗಂಟು ಕಟ್ಟಿಕೊಂಡು ಹೊಸ ಅಗ್ರಹಾರ, ಕೊಪ್ಪ ಎಂದು ಸಂತೆ ತಿರುಗುತ್ತಿದ್ದರು. ಆ ಗಾಡಿಯನ್ನು ನೋಡಿಕೊಳ್ಳುವುದು ಅಪ್ಪನ ಕೆಲಸ. ಹಿಂದೆ ಕೆ.ಆರ್. ನಗರದ ಗ್ಯಾರೇಜೊಂದರಲ್ಲಿ ಕಲಿತದ್ದು. ಕಾರ್ಬ್ಯುರೇಟರಿನೊಳಗೆ ಕೂರುವ ಜೆಟ್ ಎಂದರೆ ಹಿತ್ತಾಳೆಯ ಪುಟ್ಟ ತಿರುಪು, ನಡುವೆ ಕೂದಲು ತೂರುವಷ್ಟು ತೂತು. ಇಂಜಿನ್ನಿಗೆ ಎಷ್ಟು ಪೆಟ್ರೋಲು ಸಲ್ಲಬೇಕೆಂದು ತೀರ್ಮಾನಿಸುವುದು ಆ ತೂತೇ. ಮೈಲೇಜು ಬರಲೆಂದು ಊರವರೆಲ್ಲ ಸಣ್ಣ ತೂತಿನದನ್ನು ಹಾಕಿಸಿಕೊಳ್ಳುತ್ತಿದ್ದರು. ಅಪ್ಪ ಒಪ್ಪುತ್ತಿರಲಿಲ್ಲ. “ದನ ಹಸ್ದ್ರೆ ಕೂಗ್ತದೆ ಕಣಣ್ಣ, ಇಂಜಿನ್ ಕೂಗಲ್ಲ. ಒಳಗೊಳಗೇ ಕಾಯ್ದು ಒಂದೇ ಸಲ ಹಿಡ್ಕೊಂಬುಡ್ತದೆ” ಎನ್ನುತ್ತಿದ್ದರು.

ಸಂತೆಯ ಬೆಳಿಗ್ಗೆ ನಮ್ಮ ಮನೆಯಲ್ಲೊಂದು ಪದ್ಧತಿಯಿತ್ತು. ದೊಡ್ಡಪ್ಪ ಗಾಡಿಯನ್ನು ಕಾಲುವೆಯ ಸೇತುವೆವರೆಗೆ ಜೋರಾಗಿ ಓಡಿಸಿ ತರುತ್ತಿದ್ದರು. ಅಪ್ಪ ಇಂಜಿನ್ನಿಗೆ ಕಿಡಿ ಕೊಡುವ ಬಿಸಿ ಪ್ಲಗ್ಗನ್ನು ಬಟ್ಟೆಯಲ್ಲಿ ಹಿಡಿದು ಬಿಚ್ಚಿ, ಬಿಸಿಲಿಗೆ ಎತ್ತಿ ಅದರ ಮೂತಿ ನೋಡುತ್ತಿದ್ದರು. ಕಪ್ಪಗಿದ್ದರೆ ಇಂಜಿನ್ನು ಹೆಚ್ಚು ಕುಡಿಯುತ್ತಿದೆ, ಬೆಳ್ಳಗಿದ್ದರೆ ಹಸಿದು ಸುಡುತ್ತಿದೆ, ಕಾಫಿಪುಡಿಯ ಬಣ್ಣವಾದರೆ ಕ್ಷೇಮ. ಅಪ್ಪ “ಓಗು” ಅನ್ನದೆ ದೊಡ್ಡಪ್ಪ ಹೊಸಿಲು ದಾಟಿದವರಲ್ಲ. “ಲೇ ಪುಟ್ಟ, ನನ್ ಜಾತಕ ಓದಿದ್ದಾಯ್ತೇನ್ಲಾ?” ಎಂದು ರೇಗಿಸುವರು. “ಜಾತಕ ಚೆನ್ನಾಗೈತೆ, ನೀನ್ ತಂದಿರೋ ಸೀರೆಗಳೇ ಚೆನ್ನಾಗಿಲ್ಲ. ಓಗು” ಎಂದು ಅಪ್ಪ. ಅಡುಗೆಮನೆಯಲ್ಲಿ ಅವ್ವ, ದೊಡ್ಡವ್ವ ಇಬ್ಬರೂ ನಗುತ್ತಿದ್ದರು.

ಆಮೇಲೆ ಅಪ್ಪನ ಕಣ್ಣಿಗೆ ಪೊರೆ ಬಂತು. ಅಪ್ಪ ಅದನ್ನು ಹೇಳಲಿಲ್ಲ, ನಾವೂ ಕೇಳಲಿಲ್ಲ. ಲೋಟದ ಪಕ್ಕಕ್ಕೆ ಕಾಫಿ ಬಗ್ಗಿಸಿದರೆ ದೊಡ್ಡವ್ವ ತಾನೇ ಚೆಲ್ಲಿದವಳಂತೆ ಒರೆಸುತ್ತಿದ್ದಳು. ಜೆಟ್ಟಿನ ಮೇಲೆ ಕೊರೆದಿರುವ ನಂಬರನ್ನು ಅಪ್ಪ ಉಗುರಿನಿಂದ ತಡವಿ ಓದಲು ಹವಣಿಸುತ್ತಿದ್ದರು. ಬೇರೆ ಮೆಕ್ಯಾನಿಕ್ಕಿಗೆ ಗಾಡಿ ತೋರಿಸಿ ಎಂದು ಅವ್ವ ಒಮ್ಮೆ ಅಂದಾಗ ದೊಡ್ಡಪ್ಪ, “ಅವ್ನ ಕೈಗೆ ಇರೋದು ಅದೊಂದೇ ಕೆಲ್ಸ ಕಣವ್ವ. ಅದ್ನೂ ಕಿತ್ಕೊಂಡ್ರೆ ಅವ್ನು ಉಳೀತಾನಾ?” ಎಂದಿದ್ದರು.

ಕೊಪ್ಪದ ಸಂತೆಯ ದಿನ ಅದು. ಹಿಂದಿನ ಸಂಜೆ ಅಪ್ಪ ಕಾರ್ಬ್ಯುರೇಟರ್ ತೊಳೆದು, ಜೆಟ್ಟುಗಳ ಡಬ್ಬಿಯಿಂದ ಬೇರೊಂದನ್ನು ತಡವಿ ಆರಿಸಿ ಕೂರಿಸಿದ್ದರು. ಬೆಳಿಗ್ಗೆ ಸೇತುವೆವರೆಗೆ ಹೋಗಿ ಬಂದದ್ದಾಯಿತು. ಅಪ್ಪ ಪ್ಲಗ್ಗನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿ, “ಕಾಫಿಪುಡಿ ಇದ್ದಂಗೈತೆ. ಓಗು” ಎಂದು ಅಣ್ಣನ ಕೈಗಿಟ್ಟು ಕೈ ತೊಳೆಯಲು ಬಾವಿಗೆ ಹೋದರು. ಬುತ್ತಿ ತಂದ ದೊಡ್ಡವ್ವ ಗಂಡನ ಅಂಗೈ ನೋಡಿ ನಿಂತುಬಿಟ್ಟಳು. “ಇದೇನ್ರೀ, ಸುಣ್ಣ ಇದ್ದಂಗೈತಲ್ಲ.” ದೊಡ್ಡಪ್ಪ ತಗ್ಗಿದ ದನಿಯಲ್ಲಿ ಹೇಳಿದರು: “ಅವ್ನು ನೋಡವ್ನೆ ಕಣೆ, ಸುಮ್ಕಿರು. ಮೆಲ್ಲಗೆ ಓಯ್ತೀನಿ ಬುಡು.” ಪ್ಲಗ್ಗನ್ನು ತಾವೇ ಬಿಗಿದುಕೊಂಡು ಹೊರಟರು.

ಬೆಟ್ಟದಪುರ ದಾಟಿದ ಮೇಲೆ, ಆ ಭಾರ ಹೊತ್ತ ಗಾಡಿಯ ಇಂಜಿನ್ನು ಏರಿನಲ್ಲಿ ಗಕ್ಕನೆ ಕಚ್ಚಿಕೊಂಡಿತಂತೆ. ಹಿಂದಿನ ಚಕ್ರ ಉರುಳದೆ ಎಳೆದುಕೊಂಡು ಹೋಗಿ ದೊಡ್ಡಪ್ಪನನ್ನು ಮೋರಿಯ ಕಲ್ಲಿಗೆ ಎಸೆಯಿತು. ಹೆಚ್ಚು ಹೊತ್ತು ನರಳಲಿಲ್ಲ ಎಂದರು ಕಂಡವರು. ಅದನ್ನೂ ನಮ್ಮೂರ ನರಸಿಂಹಸ್ವಾಮಿಯ ಒಂದು ಕರುಣೆಯೆಂದೇ ಎಣಿಸಿಕೊಂಡು ಬಂದಿದ್ದೇನೆ.

ತಿಥಿ ಕಳೆದ ಮೇಲೆ ಗಾಡಿ ಮನೆಗೆ ಬಂತು. ಅಪ್ಪ ಕಿಕ್ಕರಿನ ಮೇಲೆ ಕಾಲಿಟ್ಟರು, ಅದು ಇಳಿಯಲಿಲ್ಲ. “ಇಂಜಿನ್ ಹಿಡ್ಕೊಂಡೈತೆ” ಎಂದರು. “ನಮ್ಮಣ್ಣ ಪೆಟ್ರೋಲಿಗೆ ಆಯಿಲ್ ಕಮ್ಮಿ ಬೆರೆಸಿರ್ಬೇಕು. ದುಡ್ಡು ಉಳಿಸಕ್ಕೋಗಿ ಪ್ರಾಣ ಕಳ್ಕೊಂಡ. ನಾನು ಪ್ಲಗ್ ನೋಡೇ ಕಳಿಸಿದ್ನಲ್ಲ?” ದೊಡ್ಡವ್ವ ಕಂಬಕ್ಕೊರಗಿ ನಿಂತಿದ್ದಳು. ಅಣ್ಣನ ಸಾವು ಕೊನೆಗೆ ಅಪ್ಪನನ್ನು ಕಣ್ಣು ತೋರಿಸಿಕೊಳ್ಳಲು ಒಪ್ಪಿಸಿತು. ಕಣ್ಣಿನ ಕ್ಯಾಂಪಿಗೆ ಹೊರಡುವ ದಿನ ಅಪ್ಪ, “ಕಣ್ ಬರ್ಲಿ ಅತ್ಗೆ. ಮೊದಲ್ನೇ ಕೆಲ್ಸ, ಆ ಗಾಡೀನ ಪೂರ್ತಿ ಬಿಚ್ಚಿ ನೋಡ್ತೀನಿ. ನಮ್ಮಣ್ಣ ಯಾಕೆ ಸತ್ತ ಅಂತ ನಂಗೆ ಗೊತ್ತಾಗ್ಬೇಕು” ಎಂದರು.

ಅಪ್ಪ ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಸಿಕೊಂಡು ಮನೆಗೆ ಮರಳಿದಾಗ ಅಂಗಳ ಖಾಲಿಯಿತ್ತು. ದೊಡ್ಡವ್ವ ಗುಜರಿಯವನನ್ನು ಕರೆಸಿ ಗಾಡಿ, ಡಬ್ಬಿ, ಜೆಟ್ಟುಗಳು, ಎಲ್ಲವನ್ನೂ ಅವನಿಗೆ ಮಾರಿ ಕಳಿಸಿಬಿಟ್ಟಿದ್ದಳು. ಅಪ್ಪ ಅಂದು ಆಡಿದ ಮಾತುಗಳನ್ನು ನಾನು ಬರೆಯಲಾರೆ. “ಗಂಡನ ಜಿಪುಣತನ ಆಚೆ ಬಂದಾತು ಅಂತ ಮಾರ್ಬುಟ್ರಾ?” ಎನ್ನುವುದೇ ಅದರಲ್ಲಿ ಮೆತ್ತಗಿನದು. ಅವಳು “ನಂಗೆ ಅದ್ನ ನೋಡಕ್ಕಾಯ್ತಿರ್ನಿಲ್ಲ” ಎಂದಳು, ಅಷ್ಟೇ. ಹಳೇ ಕಬ್ಬಿಣ ಮಾರುವಂತೆ ಗಂಡನ ಗಾಡಿ ಮಾರಿದಳು ಎಂದು ಬೀದಿಯೂ ಆಡಿಕೊಂಡಿತು. ಅಪ್ಪ ಅವಳು ಬಡಿಸಿದ್ದನ್ನು ಉಣ್ಣುವುದು ಬಿಟ್ಟರು. ಮಳೆಗಾಲ ಮುಗಿಯುವ ಮೊದಲೇ ಅವಳು ಎಚ್.ಡಿ. ಕೋಟೆ ಕಡೆಯ ತವರಿಗೆ ಹೊರಟುಹೋದಳು. ಎರಡು ಒಲೆಯಿದ್ದ ಅಡುಗೆಮನೆಯಲ್ಲಿ ಅವ್ವ ಒಂದೇ ಒಲೆ ಹೊತ್ತಿಸತೊಡಗಿದಳು. ನನ್ನ ಬಾಲ್ಯ ಮುಗಿದದ್ದು ಯಾವಾಗ ಎಂದು ಕೇಳಿದರೆ ನಾನು ಆ ತಣ್ಣನೆಯ ಒಲೆಯನ್ನೇ ತೋರಿಸಬೇಕು.

ಮದುವೆಯಾದ ಮೇಲೆ ಅವಳನ್ನು ನೋಡಲು ಹೋದಾಗ, ಆ ಬೆಳಿಗ್ಗೆ ಅವಳಾಡಿದ ಸುಣ್ಣದ ಮಾತು ನನಗೂ ಕೇಳಿಸಿತ್ತು ಎಂದೆ. ರಾಗಿ ಕೇರುತ್ತಿದ್ದವಳು ಮೊರ ನಿಲ್ಲಿಸಲಿಲ್ಲ. “ಕೇಳಿಸ್ತಾ? ಹೊಟ್ಟೇಲಿಟ್ಕೊ.” ಈಗಲಾದರೂ ಅಪ್ಪನಿಗೆ ಹೇಳಬಾರದೇ, ನಿನಗೆ ಈ ಕೆಟ್ಟ ಹೆಸರು ಯಾಕೆ ಎಂದೆ. “ಹೆಸರು ತಕ್ಕೊಂಡು ಏನ್ಮಾಡ್ಲವ್ವ, ಮುದ್ದೆಗೆ ನಂಚ್ಕೊಳ್ಳಾ? ನಿಮ್ಮಪ್ಪಂಗೆ ದೇವ್ರು ಕಣ್ ಕೊಟ್ಟಿರೋದು ನಿಮ್ಮ ಮುಖ ನೋಡಕ್ಕೆ. ತಾನು ಕೂರ್ಸಿದ್ ಜೆಟ್ ನೋಡಕ್ಕಲ್ಲ.”

ಅವಳು ತೀರಿಕೊಂಡಾಗ ಅಪ್ಪ ಬರಲಿಲ್ಲ. ನಾನು, ಅವ್ವ ಮಣ್ಣು ಮಾಡಿ ಬಂದೆವು. ಜಗುಲಿಯಲ್ಲಿ ಕೂತಿದ್ದ ಅಪ್ಪ ಕೇಳಿದರು, “ಓಗೋ ಮುಂಚೆ ನನ್ ಬಗ್ಗೆ ಏನಾರ ಅಂದ್ಲಂತಾ?”

“ಪುಟ್ಟನ ಕಣ್ಣು ಚೆನ್ನಾಗೈತಾ ಅಂತ ಕೇಳಿದ್ರಂತೆ ಅಪ್ಪ.”

“ಊಂ” ಎಂದರು. ಅಂದು ಊಟಕ್ಕೇಳಲಿಲ್ಲ.

ಅವ್ವ ಹೋದಳು, ಮನೆ ಬೇರೆಯವರದಾಯಿತು, ಕಳೆದ ಕಾರ್ತೀಕದಲ್ಲಿ ಅಪ್ಪನೂ ಹೋದರು. ಕೊನೆಯವರೆಗೂ ದೃಷ್ಟಿ ಚುರುಕಾಗಿತ್ತು, ನನ್ನ ಮಗಳ ಪುಸ್ತಕವನ್ನು ಕನ್ನಡಕವಿಲ್ಲದೆ ಓದುತ್ತಿದ್ದರು. ಇದೂ ಒಂದು ಕರುಣೆ. ಅವರ ತಲೆದೆಸೆಯಲ್ಲಿ ದೀಪ ಹಚ್ಚಿಟ್ಟು ಕೂತಾಗ ನನ್ನನ್ನು ಕಾಡಿದ್ದು ಒಂದೇ ಭಯ. ಅಲ್ಲಿ ಅಣ್ಣ ಎದುರಾದರೆ ಇವರು ಮೊದಲು ಕೇಳುವುದು ಅದನ್ನೇ. ಯಾಕೆ ಬಿದ್ದೆ ಅಣ್ಣ, ಏನಾಯಿತು ಎಂದು. ನರಸಿಂಹಸ್ವಾಮಿಯನ್ನು ಬೇಡಿಕೊಳ್ಳಲು ಹೋದವಳು ಸುಮ್ಮನಾದೆ. ದೊಡ್ಡಪ್ಪ ಹೇಳುವವರಲ್ಲ. ಹೇಳುವವರಾಗಿದ್ದರೆ ಆ ಬೆಳಿಗ್ಗೆಯೇ ಹೇಳುತ್ತಿದ್ದರು.